ನಿಲ್ಲಿಸಬಹುದು

ಹರಿಹರದ ಖುದ್ದೂಸನಿಗೆ ಓದು ಬರುತ್ತಿತ್ತು, ಆದರೆ ತಿರುವುಮುರುವಾಗಿ. ದಾವಣಗೆರೆಯ ಪಿ.ಜೆ. ಬಡಾವಣೆಯ ಪ್ರೆಸ್ಸೊಂದರಲ್ಲಿ ಸೀಸದ ಅಕ್ಷರ ಜೋಡಿಸುವುದು ಅವನ ಕೆಲಸ. ಅಚ್ಚಿನ ಮೊಳೆಗಳು ಕನ್ನಡಿಯೊಳಗಿನ ಮುಖದಂತೆ ತಿರುಗಿ ನಿಂತಿರುತ್ತವೆ. ಏಳು ವರ್ಷ ಅವನ್ನೇ ನೋಡಿದವನಿಗೆ ಬಸ್ಸಿನ ಬೋರ್ಡೇ ತಪ್ಪಾಗಿ ಕಾಣುತ್ತಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ಈ ಪಂಡಿತ ಎಂಬತ್ತಮೂರರ ಬೇಸಿಗೆಯಲ್ಲಿ, ತಾನೀಗ ಮೆಡಿಕಲ್ ಪುಸ್ತಕ ಮಾಡುತ್ತಿದ್ದೇನೆಂದು ಓಣಿಯೆಲ್ಲ ಹೇಳಿಕೊಂಡು ತಿರುಗಿದ.

ಪುಸ್ತಕವೆಂದರೆ ಹದಿನಾರು ಪುಟದ ಕಿರುಹೊತ್ತಿಗೆ. ಡಾಕ್ಟರೊಬ್ಬರು ಉಬ್ಬಸದ ರೋಗಿಗಳಿಗಾಗಿ ಬರೆದದ್ದು. ಅದರಲ್ಲಿ ಸಾಲಿಗೊಂದು ಸಲ ‘ಗ್ರಾಹಕ’.

“ಏನ್ ಸಾವ್ಕಾರ್ರೇ, ಮೈಯಾಗೂ ಗಿರಾಕಿ ಅದಾರಾ?” ಎಂದು ಮಾಲೀಕ ಶಿವಯೋಗಪ್ಪನನ್ನು ಕೇಳಿದ.

“ಅದೇನೋ ಪ್ರೋಟೀನಂತೆ. ನಿಂಗ್ಯಾಕ? ಜೋಡ್ಸು. ಪ್ರೂಫೂ ನೀನೇ ನೋಡ್ಕೋ, ನನ್ ಕನ್ನಡ್ಕ ಮುರ್ದೈತೆ.”

ಜವಳಿ ಅಂಗಡಿಗಳ ಬಿಲ್ಲಿಗೆ ಪದೇ ಪದೇ ಬೇಕಾಗುವ ಮಾತುಗಳನ್ನು ಖುದ್ದೂಸ್ ಮೊದಲೇ ಜೋಡಿಸಿ ದಾರ ಕಟ್ಟಿ ಇಡುತ್ತಿದ್ದ. ‘ಗ್ರಾಹಕರು’ ಒಂದು ಕಟ್ಟು, ‘ಬಹುದು’ ಇನ್ನೊಂದು. ‘ಗ್ರಾಹಕರು ಬದಲಾಯಿಸಿಕೊಳ್ಳಬಹುದು.’ ಈ ಜಾಣತನ ತನ್ನದೇ ಎಂದು ಅವನಿಗೆ ಭಾರೀ ಹೆಮ್ಮೆ. ಒಂದನ್ನು ಎತ್ತಿದರೆ ಕೈ ತಾನಾಗಿಯೇ ಇನ್ನೊಂದರ ಕಡೆ ಹೋಗುತ್ತಿತ್ತು.

ಭಾನುವಾರ ಮೊದಲ ಪ್ರತಿಯನ್ನು ಹಿಡಿದುಕೊಂಡು ಪಕ್ಕದ ಮನೆಯ ಖತೀಜಾಬೀ ಹತ್ತಿರ ಹೋದ. ಉಬ್ಬಸಕ್ಕೆಂದು ಎರಡು ವರ್ಷದಿಂದ ಆಕೆ ಬಿಳಿ ಗುಳಿಗೆ ನುಂಗುತ್ತಿದ್ದಳು. ಉಸಿರು ಮರಳಿತ್ತು, ಮುಖ ಮಾತ್ರ ಊದಿ ದುಂಡಗಾಗಿತ್ತು.

“ಕನ್ನಡ್ಯಾಗ ಯಾರೋ ಬ್ಯಾರೆ ಹೆಂಗ್ಸು ಕುಂತಂಗ್ ಕಾಣ್ತೈತೆ ಬೇಟಾ. ಓದು, ಏನ್ ಬರ್ದಾರೆ?”

ಖುದ್ದೂಸ್ ರಾಗವೆಳೆದು ಓದಿದ: ಮೂತ್ರಪಿಂಡದ ಮೇಲಿನ ಪುಟ್ಟ ಗ್ರಂಥಿ ರಕ್ತಕ್ಕೆ ಒಂದು ಹಾರ್ಮೋನು ಬಿಡುತ್ತದೆ. ಗ್ರಾಹಕ ಪ್ರೋಟೀನು ಅದಕ್ಕಾಗಿ ಜೀವಕೋಶದೊಳಗೆ ಕಾಯುತ್ತಿರುತ್ತದೆ. ಹಾರ್ಮೋನು ಬಂದು ಸೇರಿದೊಡನೆ ಗ್ರಾಹಕ ಕೋಶದ ನಡುಮನೆಗೆ ಹೋಗಿ, ಅಲ್ಲಿ ಬರೆದಿಟ್ಟ ಆಜ್ಞೆಗಳಲ್ಲಿ ಕೆಲವನ್ನು ಎಬ್ಬಿಸುತ್ತದೆ, ಕೆಲವನ್ನು ಮಲಗಿಸುತ್ತದೆ. ಗುಳಿಗೆಯೂ ಆ ಹಾರ್ಮೋನಿನ ವೇಷದಲ್ಲೇ ಬರುತ್ತದೆ.

“ಪಾಪ, ಅದೂ ನನ್ನಂಗೇ,” ಎಂದಳು ಖತೀಜಾಬೀ. “ಯಾರಾರ ಬರ್ತಾರಂತ ಹೊಸ್ತಿಲ ಮ್ಯಾಲೆ ಕುಂತಿರೋದು.”

ಹನ್ನೊಂದನೆಯ ಪುಟದ ಕೊನೆಯ ಸಾಲು: “ಉಸಿರು ಹಗುರಾಯಿತೆಂದು ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಬಹುದು.”

“ಇನ್ನೊಂದ್ ಸಲ ಓದು.”

ಓದಿದ. ಪುಟ ತಿರುವಲು ಹೋದಾಗ ಆಕೆ ಕೈ ಅಡ್ಡ ಹಿಡಿದಳು. “ಸಾಕ್ ಬಿಡು. ಬೇಕಾದ್ ಮಾತು ಸಿಕ್ತು.”

ಸೋಮವಾರದಿಂದ ಗುಳಿಗೆ ನಿಂತಿತು. ಐದನೆಯ ದಿನ ವಾಂತಿ, ನಿತ್ರಾಣ. ದಾವಣಗೆರೆಗೆ ಒಯ್ಯುವ ಟ್ಯಾಕ್ಸಿ ದಾರಿಯ ಬಾತಿ ಊರು ದಾಟುವಷ್ಟರಲ್ಲಿ ಕೈಕಾಲು ತಣ್ಣಗಾಗಿ ಜೀವ ಹೋಗಿತ್ತು. “ಗುಳಿಗೆ ಯಾಕೆ ಬಿಟ್ಟರು?” ಎಂದು ಆಸ್ಪತ್ರೆಯ ಡಾಕ್ಟರು ಬೈದರಂತೆ. ಮಗಳು ಅಮೀನಾಬೀ, “ತಾನೇ ಬಿಟ್ಲು,” ಎಂದಳಂತೆ.

ಅದನ್ನು ಕೇಳಿದ ಖುದ್ದೂಸ್ ಮರುದಿನ ಪ್ರೆಸ್ಸಿನಲ್ಲಿ ಹಸ್ತಪ್ರತಿ ತೆಗೆದು ನೋಡಿದ. ಡಾಕ್ಟರು ದುಂಡಗೆ ಬರೆದಿದ್ದರು: ‘ನಿಲ್ಲಿಸಬಾರದು.’ ದಾರ ಕಟ್ಟಿಟ್ಟಿದ್ದ ‘ಬಹುದು’ ಅಲ್ಲಿ ಹೋಗಿ ಕೂತಿತ್ತು.

ಐನೂರರಲ್ಲಿ ನಾನೂರ ತೊಂಬತ್ತೊಂಬತ್ತು ಪ್ರತಿ ಇನ್ನೂ ಪ್ರೆಸ್ಸಿನಲ್ಲೇ ಇದ್ದವು. ಒಂದೊಂದನ್ನೂ ಪೆನ್ನಿನಿಂದ ತಿದ್ದಿದ. ಉಳಿದ ಒಂದು ಖತೀಜಾಬೀ ಮನೆಯಲ್ಲಿತ್ತು. ಬೆಳಿಗ್ಗೆ ಬಸ್ಸಿಗೆ ಹೊರಟರೆ ಆ ಹೊಸ್ತಿಲ ಮೇಲೆ ದುಂಡು ಮುಖವೊಂದು ಕಾಯುತ್ತಾ ಕೂತಂತೆ. ತಿರುಗಿ ನೋಡಿದರೆ ಬರೀ ಹೊಸ್ತಿಲು. ನೋಡದಿದ್ದರೆ ಮತ್ತೆ ಅದೇ ಮುಖ. ಬಾತಿ ಬಂದಾಗ ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಖತೀಜಾಬೀಯ ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದ ವಾರ ಅಮೀನಾಬೀ ಕರೆದಳು. ಆಕೆಗೂ ಏದುಸಿರು. ಕೈಯಲ್ಲಿ ಅದೇ ಪ್ರತಿ.

“ನಂಗೂ ಅದೇ ಗುಳ್ಗಿ ಕೊಟ್ಟಾರಪ್ಪ. ಓದಿ ಹೇಳು.”

ಹನ್ನೊಂದನೆಯ ಪುಟಕ್ಕೆ ಬಂದ. ಕಣ್ಣು ‘ಬಹುದು’ ಅಂದಿತು. ಬಾಯಿ, “ನಿಲ್ಲಿಸಬಾರದು,” ಎಂದಿತು.

“ಅವತ್ತು ನೀ ಬ್ಯಾರೆ ಓದಿದ್ದಿ,” ಎಂದಳು ಅಮೀನಾಬೀ. “ನಾ ಇಲ್ಲೇ ಒಲಿ ಮುಂದ ಕುಂತಿದ್ದೆ. ನೀ ಎರಡ್ ಸಲ ಓದಿದಿ. ಯಾವ್ದು ಖರೆ?”

ತಪ್ಪನ್ನು ಅಚ್ಚಿನ ಮೇಲೆ ಹಾಕಬಹುದಿತ್ತು. ಸಾವ್ಕಾರನ ಕನ್ನಡಕದ ಮೇಲೂ ಹಾಕಬಹುದಿತ್ತು. ಎಷ್ಟೊಂದು ಬಹುದು!

“ಇವತ್ತಿಂದು ಖರೆ,” ಎಂದ. “ಅವತ್ತಿಂದು... ನಾನು ತಪ್ ಜೋಡ್ಸಿದ್ದು.”

ಜೇಬಿನಿಂದ ಪೆನ್ನು ತೆಗೆದ. ಓದು ಬಾರದ ಅಮೀನಾಬೀ, ಅವನ ಕಣ್ಣು ನೆಟ್ಟಿದ್ದ ಜಾಗವನ್ನೇ ಹಿಡಿದು, ಆ ಮಾತಿನ ಮೇಲೆ ಬೆರಳೂರಿದಳು.

“ತಿದ್‌ಬ್ಯಾಡ. ಅದು ಹಂಗೇ ಇರ್ಲಿ.” ಅವನು ಪೆನ್ನು ಜೇಬಿಗಿಟ್ಟ ಮೇಲೆ ಬೆರಳು ತೆಗೆದಳು. “ಅವ್ವ ಕೇಳ್ದೇ ಬಿಟ್ಟ ಪುಟ ಓದು.”

ಖುದ್ದೂಸ್ ಹೊಸ್ತಿಲಿಗೆ ಬೆನ್ನು ಮಾಡಿ ಕೂತು ಪುಟ ತಿರುವಿದ. “ಗುಳಿಗೆ ಬರುವಷ್ಟು ಕಾಲ ಗ್ರಂಥಿ ಮಲಗಿರುತ್ತದೆ. ಅದು ಏಳುವ ಮುಂಚೆಯೇ ಗುಳಿಗೆ ನಿಂತರೆ ಗ್ರಾಹಕ ಸುಮ್ಮನೆ ಕಾಯುತ್ತಾ ಕೂತಿರುತ್ತದೆ. ಯಾರೂ ಬರುವುದಿಲ್ಲ.”

“ಇನ್ನೊಂದ್ ಸಲ,” ಎಂದಳು ಅಮೀನಾಬೀ.