ಆ ಭಾನುವಾರ ಮೊಳಕಾಲ್ಮೂರಿಗೆ ಹೋದವರು

ದೆವ್ವ, ಭೂತ, ಒಬ್ಬರ ರೂಪದಲ್ಲಿ ಇನ್ನೊಬ್ಬರು ಕಾಣಿಸಿಕೊಳ್ಳುವುದು, ಇಂಥವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಯಾರಾದರೂ ಹೇಳಲು ಶುರು ಮಾಡಿದರೆ ಎದ್ದು ಹೋಗುತ್ತಿದ್ದೆ. ಚಳ್ಳಕೆರೆಯ ಅಂಚೆ ಕಚೇರಿಯ ಕೌಂಟರಿನಲ್ಲಿ ಮೂವತ್ತು ವರ್ಷ ಕೂತವಳು ನಾನು. ಸಹಿ ಸರಿಹೊಂದದ ಫಾರಂ ವಾಪಸು ಕೊಟ್ಟೇ ಅಭ್ಯಾಸ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಐದು ವರ್ಷದ ಹಿಂದೆ ನಡೆದದ್ದನ್ನು ಬರೆಯದೆ ಇರಲಾರೆ. ಓದಿದವರು ಇವಳು ಸುಳ್ಳು ಹೇಳುತ್ತಿದ್ದಾಳೆ ಅಂದುಕೊಂಡರೆ ಬೇಸರವಿಲ್ಲ. ಇದರಲ್ಲಿ ನಾನು ಹೇಳಿದ ಸುಳ್ಳು ಒಂದಿದೆ. ಅದನ್ನೂ ಬರೆಯುತ್ತೇನೆ.

ನಿವೃತ್ತಿಯಾದ ಮೇಲೆ ನಾನು ಒಂದು ಓದುಗರ ಬಳಗ ಸೇರಿದೆ. ಎಣ್ಣೆ ಮಿಲ್ಲಿನ ಯಜಮಾನರಾದ ವೀರಭದ್ರಪ್ಪನವರು ತಮ್ಮ ಅಂಗಡಿಯ ಮಹಡಿಯ ಕೋಣೆಯನ್ನು ಅದಕ್ಕೆ ಬಿಟ್ಟುಕೊಟ್ಟಿದ್ದರು. ತಿಂಗಳಿಗೊಮ್ಮೆ ಏಳೆಂಟು ಜನ ಸೇರುತ್ತಿದ್ದೆವು. ಕೆಳಗಿನಿಂದ ಕಡಲೆಕಾಯಿ ಹಿಂಡಿಯ ವಾಸನೆ ಬರುತ್ತಿತ್ತು. ಮನೆಗೆ ಹೋದ ಮೇಲೂ ಸೀರೆಯಲ್ಲಿ ಉಳಿದಿರುತ್ತಿತ್ತು.

ತಿಪ್ಪಮ್ಮಕ್ಕನ ಪರಿಚಯ ಆದದ್ದು ಅಲ್ಲಿ. ನನಗಿಂತ ಹತ್ತು ವರ್ಷ ದೊಡ್ಡವಳು. ಮೊಳಕಾಲ್ಮೂರಿನವಳು, ರೇಷ್ಮೆ ಸೀರೆ ನೇಯುವ ಮನೆತನ, ಮನೆಯಲ್ಲಿ ತೆಲುಗು. ಶಾಲೆಗೆ ನಾಲ್ಕನೇ ತರಗತಿವರೆಗೆ ಮಾತ್ರ ಹೋದವಳು. ಆದರೆ ಓದುವ ಹುಚ್ಚು ನಮ್ಮೆಲ್ಲರಿಗಿಂತ ಹೆಚ್ಚು. ಬಳಗದ ದಿನ ಬೆಳಗಿನ ಬಸ್ಸಿಗೇ ಬಂದು, ಎಲ್ಲರಿಗಿಂತ ಮೊದಲು ಮಹಡಿ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು.

ಆ ವರ್ಷ ವೀರಭದ್ರಪ್ಪನವರು ತಮ್ಮ ತಂದೆಯ ಪೆಟ್ಟಿಗೆಯಿಂದ ಒಂದು ಹಳೆಯ ಕಾದಂಬರಿ ತಂದರು. ಯಾವುದೋ ಚಳಿದೇಶದ ಕಥೆ, ಕನ್ನಡಕ್ಕೆ ಬಂದದ್ದು. ಮೊದಲ ಪುಟ ಹರಿದುಹೋಗಿತ್ತು, ಹೆಸರೂ ಗೊತ್ತಾಗಲಿಲ್ಲ. ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಹಂಚಿದರು. ಒಂದು ದೊಡ್ಡ ಹಳೆ ಬಂಗಲೆ. ಅಲ್ಲಿ ಕೆಲಸಕ್ಕೆ ಬರುವ ಅನಾಥ ಹುಡುಗಿ. ಮಾತಾಡದ ಮುದುಕ ಯಜಮಾನ. ಮಹಡಿಯಲ್ಲಿ ಸದಾ ಬೀಗ ಹಾಕಿರುವ ಕೋಣೆ, ಸಂಜೆಯಾದರೆ ಒಳಗಿನಿಂದ ಟಕ್ ಟಕ್ ಎಂದು ಸದ್ದು. ಆ ಕೋಣೆಯಲ್ಲಿ ಯಾರಿದ್ದಾರೆ ಅನ್ನುವುದೇ ಕಾದಂಬರಿಯ ಜೀವ. ನಮ್ಮ ಗ್ರಹಚಾರಕ್ಕೆ ಪ್ರತಿಯ ಕೊನೆಯ ಎರಡು ಅಧ್ಯಾಯ ಗೆದ್ದಲು ತಿಂದಿತ್ತು.

ಹಾಗಾಗಿ ಚರ್ಚೆ ಮೂರು ತಿಂಗಳು ನಡೆಯಿತು. ಒಬ್ಬರು ಹುಚ್ಚು ಹಿಡಿದ ಹೆಂಡತಿ ಅಂದರು, ಒಬ್ಬರು ಕೊಲೆಯಾದ ತಮ್ಮನ ಆತ್ಮ ಅಂದರು. ತಿಪ್ಪಮ್ಮಕ್ಕ ಮಾತ್ರ, "ಒಳಗೆ ಯಾರೂ ಇಲ್ಲ ಕಣ್ರೀ. ಯಾರೋ ಇದಾರೆ ಅಂದ್ಕಂಡು ಆ ಮುದುಕ ಬದುಕ್ಯಾನೆ," ಅಂದಳು. ನಾವು ನಕ್ಕೆವು. ಅವಳೂ ನಕ್ಕಳು.

ಅಷ್ಟರಲ್ಲಿ ಅವಳ ಸಕ್ಕರೆ ಕಾಯಿಲೆ ಏರಿತು. ಕಾಲಿನ ಗಾಯ ಮಾಯಲಿಲ್ಲ, ಕಣ್ಣು ಮಂಜಾಯಿತು. ಬಸ್ಸು ಹತ್ತುವುದು ನಿಂತಿತು. ನಾನೇ ಪ್ರತಿ ಭಾನುವಾರ ಮೊಳಕಾಲ್ಮೂರಿಗೆ ಹೋಗತೊಡಗಿದೆ. ನಡುಮನೆಯ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು, ಅದೇ ಕಾದಂಬರಿಯನ್ನು ಮೊದಲಿನಿಂದ ಓದಿ ಹೇಳುತ್ತಿದ್ದೆ. ಆಚೆ ಕೋಣೆಯಲ್ಲಿ ಮಗನ ಮಗ್ಗದ ಸದ್ದು. ಅವಳು ಕಣ್ಣು ಮುಚ್ಚಿ ಕೇಳುತ್ತಾ, ನಡುನಡುವೆ "ಆ ಅಮ್ಮಾಯಿ ಊಟ ಮಾಡಿದ್ಲಾ ಇಲ್ವಾ, ಬರ್ದಿಲ್ವಲ್ಲ," ಅನ್ನುತ್ತಿದ್ದಳು. ತೆಲುಗಿನಲ್ಲಿ ಅಮ್ಮಾಯಿ ಅಂದರೆ ಹುಡುಗಿ. ಕಾದಂಬರಿಯ ಹುಡುಗಿಯನ್ನು ಅವಳು ಮನೆಮಗಳಂತೆ ಹಾಗೇ ಕರೆಯುತ್ತಿದ್ದಳು.

ಒಂದು ಶನಿವಾರ ಸಂಜೆ ವೀರಭದ್ರಪ್ಪನವರು ನಮ್ಮ ಮನೆಗೇ ಬಂದರು. ದಾವಣಗೆರೆಯ ಹಳೆ ಪುಸ್ತಕದಂಗಡಿಯಲ್ಲಿ ಪೂರ್ತಿ ಪ್ರತಿ ಸಿಕ್ಕಿತ್ತು. ನೀಲಿ ರಟ್ಟಿನದು; ಹೆಸರು ಗೊತ್ತಿರದಿದ್ದರೂ ಒಳಗಿನ ಪುಟ ಓದಿ ಗುರುತು ಹಿಡಿದಿದ್ದರು.

"ನಾನಿನ್ನೂ ಕೊನೆ ತೆಗೆದು ನೋಡಿಲ್ಲ," ಅಂದರು. "ಮೊದ್ಲು ತಿಪ್ಪಮ್ಮಗೆ ಓದಿ ಹೇಳ್ರಿ. ಆಮ್ಯಾಲೆ ನಮಗೆ."

ನಾನು ಆಗಲೇ ಫೋನು ಮಾಡಿ ಹೇಳಿದೆ. ತಿಪ್ಪಮ್ಮಕ್ಕ ಸಂತೋಷದಿಂದ ಆ ಸುದ್ದಿಯನ್ನು ಎರಡು ಸಲ ಹೇಳಿಸಿಕೊಂಡಳು. "ನಾಳೆ ಬಾರವ್ವಾ. ಕಾಯ್ತಿರ್ತೀನಿ," ಅಂದಳು.

ಮರುದಿನ ನಾನು ಹೋಗಲಿಲ್ಲ. ಕಾರಣ ದೊಡ್ಡದೇನೂ ಅಲ್ಲ. ಮೂರು ತಿಂಗಳಿಂದ ಬಸ್ಸಿನಲ್ಲಿ ಹೋಗಿ ಬಂದು ಬೇಜಾರಾಗಿತ್ತು. ಕೊನೆಯನ್ನು ಯಾರಿಗೂ ಓದಿ ಹೇಳದೆ, ನನ್ನ ಪಾಡಿಗೆ ನಾನು ಮನೆಯಲ್ಲಿ ಕೂತು ಓದಬೇಕು ಅನ್ನಿಸಿತು. ಬೆಳಿಗ್ಗೆ ಫೋನು ಮಾಡಿ ಮಂಡಿ ನೋವು ಅಂದೆ. ಎದ್ದು ನಿಲ್ಲಲೂ ಆಗುತ್ತಿಲ್ಲ ಅಂದೆ. ನನ್ನ ಮಂಡಿಗೆ ಏನೂ ಆಗಿರಲಿಲ್ಲ.

"ಆಗ್ಲೇಳವ್ವಾ," ಅಂದಳು ತಿಪ್ಪಮ್ಮಕ್ಕ. "ಎಳ್ಳೆಣ್ಣೆ ಬಿಸಿ ಮಾಡಿ ಹಚ್ಕೋ. ಪುಸ್ತಕ ಎಲ್ಲಿಗೂ ಓಡಿ ಹೋಗಲ್ಲ."

ಊಟ ಮುಗಿಸಿ, ಬಾಗಿಲು ಹಾಕಿಕೊಂಡು ಓದಲು ಕೂತೆ. ಸುಮಾರು ಮೂರು ಗಂಟೆ. ಕೊನೆಯ ಅಧ್ಯಾಯಕ್ಕೆ ಬಂದಾಗ ನಾನು ಜೋರಾಗಿ ಓದುತ್ತಿದ್ದೇನೆ ಅನ್ನುವುದು ಗಮನಕ್ಕೆ ಬಂತು. ಮೂರು ತಿಂಗಳ ಅಭ್ಯಾಸ ಅಂದುಕೊಂಡೆ. ಎದುರಿಗೆ ಯಾರೂ ಇರಲಿಲ್ಲ. ನಿಲ್ಲಿಸಬಹುದಿತ್ತು, ಆದರೆ ಹಾಗೇ ಓದಿ ಮುಗಿಸಿದೆ. ಇಷ್ಟೇ ನಮ್ಮ ಮನೆಯಲ್ಲಿ ನಡೆದದ್ದು.

ಸೋಮವಾರ ಬೆಳಗಿನ ಜಾವ ತಿಪ್ಪಮ್ಮಕ್ಕ ತೀರಿಕೊಂಡಳು.

ಸುದ್ದಿ ತಿಳಿದು ನಾನೂ ವೀರಭದ್ರಪ್ಪನವರೂ ಹೋಗುವಷ್ಟರಲ್ಲಿ ಅವಳನ್ನು ಜಗುಲಿಯ ಮೇಲೆ ಮಲಗಿಸಿದ್ದರು. ಅವಳೇ ನೇಯ್ದ ಹಸಿರು ಸೀರೆ ಹೊದಿಸಿದ್ದರು. ನಾನು ಪಾದದ ಹತ್ತಿರ ನಿಂತಿದ್ದೆ. ಮುಖದ ಹತ್ತಿರ ಹೋಗುವ ಧೈರ್ಯ ಬರಲಿಲ್ಲ. ಸೊಸೆ ಮಂಜುಳ ಬಂದು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು.

"ನಿನ್ನೆ ನೀವು ಬಂದಿದ್ದು ಬಾಳ ಒಳ್ಳೇದಾತಕ್ಕ," ಅಂದಳು.

ನನಗೆ ಅರ್ಥವಾಗಲಿಲ್ಲ. ಬೇರೆ ಯಾರೆಂದೋ ತಿಳಿದು ಮಾತಾಡುತ್ತಿದ್ದಾಳೆ ಅಂದುಕೊಂಡೆ. ಅವಳು ಮುಂದುವರಿಸಿದಳು.

"ಮಂಡಿ ನೋವು, ಬರಲ್ಲ ಅಂತ ಅತ್ತೆ ಹೇಳಿದ್ರು. ಮೂರು ಗಂಟೆಗೆ ನೋಡ್ತೀನಿ, ಕುಂಟ್ಕಂತ ಬಂದ್ರಿ. ಪಾಪ, ಅಷ್ಟು ನೋವಿಟ್ಕಂಡು. ನೀರು ಕೊಟ್ರೆ ಕುಡೀಲಿಲ್ಲ. ಸೀದಾ ಹೋಗಿ ಕುರ್ಚಿ ಮ್ಯಾಲೆ ಕುಂತು ಓದಾಕೆ ಶುರು ಮಾಡಿದ್ರಿ. ನಾನು ಹಿತ್ತಲಾಗೆ ಬಟ್ಟೆ ಒಗೀತಿದ್ದೆ, ನಿಮ್ಮ ದನಿ ಕೇಳ್ತಾನೇ ಇತ್ತು. ಬರೋದ್ರಾಗೆ ಹೊರಟೋಗಿದ್ರಿ."

"ನನ್ನ ಕೈಯಲ್ಲಿ ಪುಸ್ತಕ ಇತ್ತಾ?" ಎಂದು ಕೇಳಿದೆ. ಆ ಹೊತ್ತಿನಲ್ಲಿ ಯಾಕೆ ಅದನ್ನೇ ಕೇಳಿದೆನೋ ಗೊತ್ತಿಲ್ಲ.

"ಇತ್ತಲ್ಲಕ್ಕ, ನೀಲಿದು. ರಾತ್ರಿ ಅತ್ತೆ ನಂಗೆ ಕತೆ ಪೂರಾ ಹೇಳಿದ್ರು. ಆ ಅಮ್ಮಾಯಿ ಬೀಗ ತೆಗೆದು ನೋಡಿದ್ರೆ ಒಳಗೆ ಖಾಲಿ ತೊಟ್ಲು ಒಂದೇ ಅಂತೆ. ಕಿಟಕಿ ಚಿಲಕ ಗಾಳಿಗೆ ಬಡ್ಕಂತಿತ್ತಂತೆ. ಮುದುಕಪ್ಪಗೆ ಏನೂ ಹೇಳ್ದಂಗೆ ತಿರುಗಿ ತಾನೇ ಬೀಗ ಹಾಕಿದ್ಲಂತೆ. ಒಳ್ಳೇ ಕೆಲ್ಸ ಮಾಡಿದ್ಲು ಅಂತ ಅತ್ತೆ ನಕ್ಕೋತ ಹೇಳಿದ್ರು."

ಕೋಣೆಯಲ್ಲಿ ಯಾರೂ ಇಲ್ಲ ಎಂದು ತಿಪ್ಪಮ್ಮಕ್ಕ ಮೊದಲೇ ಊಹಿಸಿದ್ದಳು, ನಿಜ. ಆದರೆ ತೊಟ್ಟಿಲು, ಚಿಲಕ, ಮತ್ತೆ ಹಾಕಿದ ಬೀಗ, ಇವು ಕೊನೆಯ ಮೂರು ಪುಟದಲ್ಲಿದ್ದವು. ಆ ಪುಸ್ತಕ ಶನಿವಾರದಿಂದ ನನ್ನ ಮನೆ ಬಿಟ್ಟು ಹೋಗಿರಲಿಲ್ಲ.

ನಾನು ಆಗ ನಿಜ ಹೇಳಲಿಲ್ಲ. ಅಳುತ್ತಿದ್ದವಳ ಮುಂದೆ ತಲೆ ಆಡಿಸಿದೆ. ವಾಪಸು ಬರುವಾಗ ಕಾರಿನಲ್ಲಿ ವೀರಭದ್ರಪ್ಪನವರಿಗೆ ಎಲ್ಲಾ ಹೇಳಿದೆ, ಮಂಡಿಯ ಸುಳ್ಳನ್ನೂ ಸೇರಿಸಿ. ಅವರು ತಳಕು ಊರಿನ ಹತ್ತಿರ ಕಾರು ಬದಿಗೆ ನಿಲ್ಲಿಸಿದರು. ಆಮೇಲೆ, "ಆ ಹುಡುಗಿ ಗಾಬರಿಯಾಗೆ ಹಿಂದಿನ ವಾರದ್ದು ಈ ವಾರದ್ದು ಕಲಸ್ಕಂಡಿರಬೇಕು ಬಿಡ್ರಿ," ಅಂದರು. ಕಥೆಯ ಕೊನೆ ಮಂಜುಳನಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅವರು ಕಾರು ಮತ್ತೆ ಹೊರಡಿಸಿದರು. ಆ ಪುಸ್ತಕ ಆಮೇಲೆ ಬಳಗಕ್ಕೆ ಬರಲೇ ಇಲ್ಲ. ಯಾರೂ ಕೇಳಲೂ ಇಲ್ಲ.

ತಿಪ್ಪಮ್ಮಕ್ಕ ಕೊನೆಯಲ್ಲಿ ಸಂತೋಷವಾಗಿದ್ದಳು ಅನ್ನುವುದು ನನಗೆ ಸಮಾಧಾನ ಕೊಡಬೇಕಿತ್ತು. ಕೊಡಲಿಲ್ಲ. ಅವಳು ನಂಬಿದ್ದು ನನ್ನನ್ನು, ಕೈ ಹಿಡಿದುಕೊಂಡಿದ್ದರೆ ನನ್ನ ಕೈ ಎಂದೇ ಹಿಡಿದಿರುತ್ತಾಳೆ. ಕುಂಟಿಕೊಂಡು ಬಂದಳಲ್ಲ ಎಂದು ಎಷ್ಟು ಮರುಗಿದಳೋ. 

ವರ್ಷದ ಕಾರ್ಯಕ್ಕೆ ಹೋದಾಗ ತಡೆಯಲಾಗಲಿಲ್ಲ. ನೆಂಟರೆಲ್ಲ ಹೋದ ಮೇಲೆ ಮಂಜುಳನನ್ನು ಪಕ್ಕಕ್ಕೆ ಕರೆದು, ಆ ಭಾನುವಾರ ನಾನು ಬಂದಿರಲಿಲ್ಲ, ಸುಳ್ಳು ಹೇಳಿ ಮನೆಯಲ್ಲೇ ಉಳಿದೆ ಎಂದು ಹೇಳಿಬಿಟ್ಟೆ.

ಅವಳು ಮೊದಲು ನಂಬಲಿಲ್ಲ. ಆಮೇಲೆ ನನ್ನಿಂದ ಒಂದು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿ ನಿಂತಳು. ಅಲ್ಲಿಂದಲೇ ಮೆಲ್ಲಗೆ ಕೇಳಿದಳು.

"ಈಗ ಬಂದಿರೋರು ನೀವೇ ತಾನೇ, ಅಕ್ಕ?"

"ನಾನೇ ಕಣಮ್ಮ," ಅಂದೆ.

ಅವಳು ತಲೆ ಆಡಿಸಿದಳು. ಆದರೆ ಯಾವಾಗಲೂ ಬಸ್‌ಸ್ಟ್ಯಾಂಡಿನವರೆಗೆ ಬಂದು ಬಿಡುತ್ತಿದ್ದವಳು ಅವತ್ತು ಬಾಗಿಲಲ್ಲೇ ನಿಂತಳು. ಆಮೇಲೆ ನನ್ನನ್ನು ಮತ್ತೆ ಕರೆಯಲಿಲ್ಲ, ನಾನೂ ಹೋಗಲಿಲ್ಲ.

ಹೇಳಬಾರದಿತ್ತೇನೋ. ಅದೂ ನನಗೆ ಇವತ್ತಿಗೂ ತಿಳಿಯದು. ಆ ಮಧ್ಯಾಹ್ನ ಯಾರೋ ಮೊಳಕಾಲ್ಮೂರಿಗೆ ಹೋಗಿದ್ದರು, ತಿಪ್ಪಮ್ಮಕ್ಕನ ಪಕ್ಕ ಕೂತು ಓದಿ ಮುಗಿಸಿದರು. ನಾನು ಹೋಗಿರಲಿಲ್ಲ.