ಬಗ್ಗಿ ತೆಗೆದುಕೊಳ್ಳುವಷ್ಟು ನೀರು

2006ರ ನವೆಂಬರಿನಲ್ಲಿ ನಾವು ಚಳಿಗಾಲದ ರಜೆಗೆ ಲಕ್ಷದ್ವೀಪವನ್ನು ಆರಿಸಿಕೊಂಡೆವು. ಅದಕ್ಕೆ ಕಾರಣವಾದ ಷರತ್ತು ಹಾಕಿದ್ದು ಸಮುದ್ರವನ್ನೇ ನೋಡಿರದ ನನ್ನ ಅವ್ವ.

ಹೆಂಡತಿ ಧಾರವಾಡದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ಹವಳದ ಪಾಠವನ್ನು ಪ್ರತಿ ವರ್ಷ ಕಪಾಟಿನಲ್ಲಿದ್ದ ಒಂದು ಬಿಳಿ ತುಂಡು ತೋರಿಸಿ ಮುಗಿಸುತ್ತಿದ್ದಳು. ಅದರೊಳಗಿನ ಜೀವಿ ಸತ್ತು ಯಾವ ಕಾಲವಾಗಿತ್ತೋ. ಜೀವಂತ ಹವಳವನ್ನು ಅದು ಇರುವಲ್ಲೇ ಒಮ್ಮೆ ನೋಡಬೇಕೆಂಬುದು ಅವಳ ಆಸೆ. ಮುಳುಗಬೇಕಿಲ್ಲ, ಕಣ್ಣಿಗೆ ಗಾಜಿನ ಮುಖವಾಡ ಕಟ್ಟಿ, ಬಾಯಲ್ಲಿ ಕೊಳವೆ ಹಿಡಿದು ನೀರಿನ ಮೇಲೆ ಬೋರಲು ಮಲಗಿದರಾಯಿತು, ಸ್ನಾರ್ಕೆಲಿಂಗ್ ಅಂದರೆ ಅಷ್ಟೇ ಎಂದು ನಮಗೆ ವಿವರಿಸಿದ್ದಳು.

ನಾನು ಹುಬ್ಬಳ್ಳಿಯ ಪತ್ರಿಕೆಯೊಂದರ ಸುದ್ದಿ ವಿಭಾಗದಲ್ಲಿದ್ದೆ. ವಾರದ ರಜೆಯ ದಿನ ಧಾರವಾಡದ ಸಪ್ತಾಪುರದ ನಮ್ಮ ಮನೆಯಲ್ಲಿ ನಕಾಶೆ ಹರಡಿ ಕೂತೆವು. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪ ನಮಗೆ ಹತ್ತಿರ; ನನ್ನ ಮತ ಅದಕ್ಕೆ. ಅವಳದು ಅಂಡಮಾನಿಗೆ. ಲಕ್ಷದ್ವೀಪಕ್ಕೆ ಪರವಾನಗಿ ಬೇಕು, ಕೊಚ್ಚಿಯಿಂದ ಹಡಗು ಹಿಡಿಯಬೇಕು ಎಂದು ಇಬ್ಬರೂ ಅದನ್ನು ಬಿಟ್ಟಿದ್ದೆವು.

ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದ ಅವ್ವ ಸೊಸೆಯ ಕಡೆ ತಿರುಗಿದಳು.

"ನೀರಾಗ ಇಳಿಯೂ ಮುಂದ ಲಿಂಗಾ ತಗದಿಡಾಕಿ ಏನು?"

ಲಿಂಗಧಾರಣೆಯಾದ ಮೇಲೆ ನಮ್ಮ ಮನೆಯಲ್ಲಿ ಯಾರೂ ಇಷ್ಟಲಿಂಗವನ್ನು ಮೈಯಿಂದ ಅಗಲಿಸುವುದಿಲ್ಲ. ಹೆಂಡತಿಯದು ಬೆಳ್ಳಿಯ ಕರಡಿಗೆಯಲ್ಲಿ, ಶಿವದಾರದಿಂದ ಕೊರಳಲ್ಲಿರುತ್ತಿತ್ತು. ತೆಗೆಯುವುದಿಲ್ಲ ಅಂದಳು.

"ದಾರ ಹರದು ಸಮುದ್ರದಾಗ ಬಿದ್ರ?"

ಹಾಗಾದರೆ ಮಠಕ್ಕೆ ಹೋಗಿ ಇನ್ನೊಂದು ಕಟ್ಟಿಸಿಕೊಂಡರಾಯಿತು ಎಂದೆ.

"ಅದೇನು ನಿನ್ನ ಪೇಪರ ಏನು, ನಾಳೆ ಇನ್ನೊಂದು ಬರಾಕ?" ಅಂದಳು. ಬೆಳ್ಳುಳ್ಳಿ ಬಿಡಿಸಿ ಮುಗಿಸಿ ತಾನೇ ತೀರ್ಮಾನ ಹೇಳಿದಳು: "ಬಿದ್ರ ಬಗ್ಗಿ ತಗೊಳ್ಳೂವಷ್ಟ ನೀರಿರೂ ಜಾಗಾ ನೋಡ್ರಿ. ಅಲ್ಲಿಗೆ ಹೋಗ್ರಿ."

ಅಂದಿನಿಂದ ನಾವು ಆಳ ವಿಚಾರಿಸತೊಡಗಿದೆವು. ನೇತ್ರಾಣಿಯಲ್ಲಿ ದೋಣಿಯಿಂದ ನೇರ ಆಳದ ನೀರಿಗೇ ಇಳಿಯಬೇಕು ಎಂದರು. ಅಂಡಮಾನಿಗೆ ಹೋಗಿಬಂದಿದ್ದ ಸಹೋದ್ಯೋಗಿಗೆ ಅಲ್ಲಿ ಕಾಲು ನೆಲ ಮುಟ್ಟಿದ್ದು ನೆನಪಿರಲಿಲ್ಲ. ಲಕ್ಷದ್ವೀಪದಲ್ಲಿ ಹವಳದ ದಿಬ್ಬವೇ ಗೋಡೆಯಂತೆ ಅಲೆ ತಡೆಯುತ್ತದೆ, ಒಳಗಿನ ನೀರು ತಿಳಿ, ದಂಡೆಯಿಂದ ಬಹುದೂರ ಎದೆಮಟ್ಟ ಎಂದು ಗೊತ್ತಾಯಿತು. ಪರವಾನಗಿಗೆ ಅರ್ಜಿ ಹಾಕಿದೆವು. ಅವ್ವ ಕರಡಿಗೆಯ ಅಳತೆಗೆ ಒಂದು ಖಾದಿ ಚೀಲ ಹೊಲಿದು ಸೊಸೆಯ ಚೂಡಿದಾರದ ಒಳಬದಿಗೆ ಸೇರಿಸಿದಳು.

2007ರ ಜನವರಿಯಲ್ಲಿ ನೀರಿಗೆ ಇಳಿದೆವು. ಕಾಲೂರಲು ಬರುವಲ್ಲೆಲ್ಲ ಬರೀ ಮರಳು. ಹವಳ ಮುಂದಿದೆ ಎಂದು ಜೊತೆಗಿದ್ದ ದೋಣಿಯವನು ಕೈ ತೋರಿಸಿದ. ಅಲ್ಲಿ ಎರಡಾಳು ನೀರು. ಹೆಂಡತಿ ಲೈಫ್ ಜಾಕೆಟಿನ ಕೆಳಗೆ ಕೈ ಹಾಕಿ ಚೀಲ ಮುಟ್ಟಿ ನೋಡಿಕೊಂಡಳು. ನನ್ನ ಕಡೆ ನೋಡಲಿಲ್ಲ. ದೋಣಿಯವನು ಹಿಡಿದಿದ್ದ ಗಾಳಿಯ ಟ್ಯೂಬಿಗೆ ಒಂದು ಕೈ ಕೊಟ್ಟು ಬೋರಲಾದಳು. ನಾನು ಎದೆಮಟ್ಟದ ನೀರಿನಲ್ಲೇ ನಿಂತಿದ್ದೆ. ಅವಳು ಬಹಳ ಹೊತ್ತು ತಲೆ ಎತ್ತಲಿಲ್ಲ.

ಮನೆಗೆ ಬಂದಾಗ ಅವ್ವ ಮೊದಲು ಕೇಳಿದ್ದು ಲಿಂಗವನ್ನು. ಇತ್ತು. ನಿಂತಲ್ಲಿಂದಲೇ ಹವಳ ಕಾಣಿಸಿತೇ ಎಂದು ಆಮೇಲೆ ಕೇಳಿದಳು.

"ಇಲ್ರಿ ಅತ್ತಿ. ಕಾಲ ಮುಟ್ಟಲಾರದ ಕಡೆ ಹೋಗಿದ್ದೆ."

ಅವ್ವ ಒಳಗೆ ಹೋಗಿ ಕುಡಿಯಲು ನೀರು ತಂದುಕೊಟ್ಟಳು.

"ಜೀವ ಇದ್ವೇನು?"

"ಇದ್ವುರಿ. ಸಣ್ಣ ಬೆರಳಿನಂಗ ಅಲ್ಲಾಡ್ತಿದ್ವು."

ಮರುವರ್ಷದ ಚಳಿಗಾಲಕ್ಕೆ ಅಂಡಮಾನಿಗೆ ಹೋದೆವು. ಅವ್ವ ಆಳ ವಿಚಾರಿಸಲಿಲ್ಲ. ಹೊರಡುವ ಮೊದಲು ಸೊಸೆಗೆ ಹೊಸ ಶಿವದಾರ ಕಟ್ಟಿ, ಚೀಲದ ಬಾಯಿಗೆ ಇನ್ನೊಂದು ಹೊಲಿಗೆ ಹಾಕಿಕೊಟ್ಟಳು.