ಹಿಂದಕ್ಕೆ ಓಡುವ ಗಿಡಗಳು

ಟೀವಿ ಇದ್ದವರ ಮನೆಯ ಬಾಗಿಲಲ್ಲಿ ಇಡೀ ಓಣಿಯ ಚಪ್ಪಲಿಗಳು ಬಂದು ಬೀಳುತ್ತಿದ್ದ ಕಾಲ ಅದು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬೇಸಿಗೆ ರಜೆ ಬಂತೆಂದರೆ ಅವ್ವ ನನ್ನನ್ನೂ ಅಕ್ಕ ಶೈಲಾಳನ್ನೂ ಖಾನಾಪುರದಿಂದ ಕರೆತಂದು ಬೆಳಗಾವಿಯ ಹಿಂದವಾಡಿಯಲ್ಲಿದ್ದ ಕಾಕಾನ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದಳು. ಒಳಗೆ ಕಾಲಿಡುವ ಮೊದಲೇ ಕಾಕಾನ ಹೆಂಡತಿ ಕಾಕು ಚುರುಮುರಿಗೆ ಹಾಕಿದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ನಮ್ಮನ್ನು ಕರೆಯುತ್ತಿತ್ತು.

ನನಗೆ ಅದು ರಜೆ, ಅಕ್ಕನಿಗೆ ದವಾಖಾನೆ. ಅವಳಿಗೆ ಫಿಟ್ಸ್ ಬರುತ್ತಿತ್ತು. ಕಣ್ಣ ಮುಂದೆ ಬೆಳಕು ಪಟಪಟ ಬಡಿದರೆ ಸಾಕು, ಕೈಕಾಲು ಸೆಟೆದು ಬೀಳುತ್ತಿದ್ದಳು. ಆಗ ಖಾನಾಪುರದ ಹಾದಿಯ ಎರಡೂ ಬದಿಗೆ ದೊಡ್ಡ ದೊಡ್ಡ ಗಿಡಗಳಿದ್ದವು. ಬಸ್ಸು ಓಡುವಾಗ ಅವುಗಳ ಸಂದಿನಿಂದ ಬಂದುಹೋಗುವ ಬಿಸಿಲು ಅವಳಿಗೆ ಆಗುತ್ತಿರಲಿಲ್ಲ. ಹಾಗಾಗಿ ಹತ್ತಿದಾಗಿನಿಂದ ಇಳಿಯುವವರೆಗೂ ಅವ್ವನ ಸೆರಗಿನೊಳಗೆ ಅವಳ ಮುಖ. ಕಿಟಕಿಗೆ ಕೂತು ವರದಿ ಒಪ್ಪಿಸುವ ಕೆಲಸ ನನ್ನದು.

"ಸುಮಿ, ಎಲ್ಲಿಗೆ ಬಂದ್ವಿ?"

"ದೇಸೂರ ಬಂತಕ್ಕ."

"ಏನ್ ಕಾಣಾಕತ್ತೈತಿ?"

"ಗಿಡ."

"ಆಮ್ಯಾಲ?"

"ಮತ್ತ ಗಿಡ."

"ನಿನ್ನ ಕಿಟಕಿಗೆ ಕುಂದರ್ಸಿದ್ದು ದಂಡ ನೋಡ," ಎಂದು ಸೆರಗಿನೊಳಗೇ ನಗುತ್ತಿದ್ದಳು. ಹುಟ್ಟಿದೂರಿನ ಹಾದಿಯನ್ನು ಒಮ್ಮೆಯಾದರೂ ಕಣ್ಣು ಬಿಟ್ಟು ನೋಡಬೇಕೆಂಬುದು ಅವಳ ಆಸೆ.

ಆ ವರ್ಷ ಕಾಕಾನ ಮಗ ಬಸಣ್ಣನ ಹತ್ತಿರ ಒಂದು ಕಂಪ್ಯೂಟರ್ ಬಂದಿತ್ತು. ಕಾಕಾನ ಗೆಳೆಯರು ದುಬೈಯಿಂದ ತಂದುಕೊಟ್ಟದ್ದು. ಕಂಪ್ಯೂಟರ್ ಎಂದರೆ ಬೆರಳಿನಿಂದ ಒತ್ತುವ ಕೀಲಿಗಳ ಬರೀ ಒಂದು ಡಬ್ಬಿ. ಪರದೆ ಮನೆಯ ಟೀವಿಯದೇ. ಬರೆದ ಪ್ರೋಗ್ರಾಮನ್ನು ಹಾಡಿನ ಕ್ಯಾಸೆಟ್ಟಿನಲ್ಲಿ ತುಂಬಿಡಬೇಕು. ಅದು ಕಿರ್ರೆಂದು ಕಿರುಚುವಾಗ ಕಾಕು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಪಾಲಿಟೆಕ್ನಿಕ್ ಓದುತ್ತಿದ್ದ ಬಸಣ್ಣನಿಗೆ ಅಕ್ಕನೆಂದರೆ ಜೀವ.

"ಶೈಲಾ, ನಿನ್ನ ಖಾನಾಪುರ ಹಾದೀನ ಇದ್ರಾಗ ತೋರಸ್ತೀನಿ. ಕಣ್ಣ ಬಿಟ್ಟ ನೋಡುವಂತಿ," ಅಂದ.

ಬಸ್ಸು ಪರದೆಯ ನಡುವೆ ನಿಲ್ಲಬೇಕು, ಗಿಡಗಳು ಹಿಂದಕ್ಕೆ ಓಡಬೇಕು. ಓಡಿಸುವುದೆಂದರೆ ಗಿಡವನ್ನು ಬರೆಯುವುದು, ಅಳಿಸುವುದು, ತುಸು ಹಿಂದೆ ಮತ್ತೆ ಬರೆಯುವುದು. ಯಂತ್ರ ನಿಧಾನದ್ದು. ಅಳಿಸಿದ್ದೂ ಕಾಣುತ್ತಿತ್ತು, ಅರ್ಧ ಬರೆದದ್ದೂ ಕಾಣುತ್ತಿತ್ತು. ಚಿತ್ರ ಪಟಪಟ ಬಡಿಯುತ್ತಿದ್ದುದರಿಂದ ಅಕ್ಕ ಅಡುಗೆಮನೆಯಲ್ಲಿ ಟೀವಿಗೆ ಬೆನ್ನು ಮಾಡಿ ಕೂತು ಶೇಂಗಾ ಸುಲಿಯುತ್ತಿದ್ದಳು.

"ಸುಮಿ, ಹೆಂಗೈತಿ?"

"ಚಳಿಜ್ವರ ಬಂದಂಗ ನಡಗಾಕತ್ತೈತಿ ಅಕ್ಕ."

ಯಾಕೆ ನಡುಗುತ್ತದೆಂದು ಬಸಣ್ಣ ವಿವರಿಸಿದ. ಅಕ್ಕ ಕೇಳಿಸಿಕೊಂಡು, "ಅಲ್ಲೋ, ಮಂದಿ ಮುಂದ ಯಾರರ ಸೀರಿ ಉಡ್ತಾರೇನು? ಬಾಗಲಾ ಹಾಕ್ಕೊಂಡ ಉಟ್ಟು, ನಿರಿಗಿ ನೆಟ್ಟಗಾದ ಮ್ಯಾಲ ಹೊರಗ ಬರಬೇಕು," ಅಂದಳು. ಕಾಕು ನಕ್ಕೂ ನಕ್ಕೂ ಸಾಕಾದಳು.

"ನಗಬ್ಯಾಡವಾ, ಪುಸ್ತಕದಾಗೂ ಹಂಗ ಐತಿ," ಅಂದ ಬಸಣ್ಣ. ಕಣ್ಣಿಗೆ ಕಾಣದ ಇನ್ನೊಂದು ಪರದೆಯನ್ನು ಯಂತ್ರದೊಳಗೇ ಇಟ್ಟು, ಚಿತ್ರವನ್ನು ಅಲ್ಲಿ ಪೂರ್ತಿ ಬರೆದು, ಒಂದೇ ಸಲಕ್ಕೆ ಮುಂದೆ ತರಬೇಕು. ಅದನ್ನು ಜನ ನೋಡುವಷ್ಟರಲ್ಲಿ ಹಿಂದಿನದರಲ್ಲಿ ಮುಂದಿನ ಚಿತ್ರ. ಆದರೆ ಎರಡು ಪರದೆಗೆ ಬೇಕಾದಷ್ಟು ಜಾಗ ಆ ಡಬ್ಬಿಯೊಳಗೆ ಇರಲಿಲ್ಲ. ಬಣ್ಣ ಬಿಡಬೇಕಾಯಿತು. ಕೆಂಪು ಬಸ್ಸು ಬಿಳಿಯಾಯಿತು. ಗಿಡವನ್ನೂ ಕಡಿಮೆ ಮಾಡಲು ಹೊರಟಾಗ ಅಕ್ಕ ಒಪ್ಪಲಿಲ್ಲ.

"ಬಸ್ ಬೇಕಾದ್ರ ಬಿಡೋ. ನನಗ ಗಿಡಾನ ನೋಡಬೇಕಾಗೇತಿ."

ಕಪ್ಪು ಪರದೆ ರಾತ್ರಿಯಂತೆ ಕಾಣುತ್ತದೆಂದು ನಾನು ವರದಿ ಕೊಟ್ಟೆ. "ಹಂಗಾರ ಹಗಲ ಮಾಡೋ," ಅಂದಳು. ಆಕಾಶ ಬೆಳ್ಳಗಾಯಿತು, ಗಿಡ, ಬಸ್ಸು ಎರಡೂ ಕಪ್ಪಾದವು.

ರಜೆ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ, ಅದು ಆಯಿತು. ನಡುಕವೇ ಇಲ್ಲ. ಗಿಡಗಳು ಎಣ್ಣೆ ಸುರಿದಂತೆ ಹರಿದು ಹೋದವು. ಕಾಕಾ ಪೇಪರು ಕೆಳಗಿಟ್ಟು ನೋಡಿದರು. ಕಾಕು ಚಸ್ಮಾ ಹಾಕಿಕೊಂಡು ಪರದೆಗೆ ಮೂಗು ಹಚ್ಚಿ ಪರೀಕ್ಷೆ ಮಾಡಿ, "ಖರೇನ ನಡಗವಲ್ದು. ಬಾರವಾ ಶೈಲಾ," ಎಂದಳು.

ಅಕ್ಕ ಮುಖ ತೊಳೆದು, ಹೆರಳು ಹಾಕಿಕೊಂಡು, ಪೇಟೆಗೆ ಹೊರಟವಳಂತೆ ಬಂದು ಚಾಪೆಯ ಮೇಲೆ ಕೂತಳು. ಕಣ್ಣು ಬಿಟ್ಟಳು.

"ಅಯ್ಯ, ಗಿಡ!"

ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. "ಜೋರ ಓಡಸೋ ಬಸಣ್ಣ, ನಮ್ಮ ಡ್ರೈವರ ಇಷ್ಟ ಸಾವಕಾಶ ಓಡಸೂದಿಲ್ಲ," ಅಂದಳು. ಬಸಣ್ಣ ಖುಷಿಯಿಂದ ಜೋರು ಮಾಡಿದ. ಗಿಡ, ಬೆಳಕು, ಗಿಡ, ಬೆಳಕು. ಅಕ್ಕನ ಕೈ ಚಾಪೆಯ ಅಂಚನ್ನು ಬಿಗಿಯಾಗಿ ಹಿಡಿಯಿತು. ಮರುಕ್ಷಣ ಬಿದ್ದಳು.

ಕಾಕು ಉಳ್ಳಾಗಡ್ಡಿ ಜಜ್ಜಿ ತಂದು ಮೂಗಿಗೆ ಹಿಡಿದಳು, ಮುಷ್ಟಿಯೊಳಗೆ ಕೀಲಿಗೊಂಚಲು ತುರುಕಿದಳು. ಟೀವಿ ಆರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅದರಲ್ಲಿ ಗಿಡಗಳು ಒಂದಿಷ್ಟೂ ನಡುಗದೆ ಓಡುತ್ತಲೇ ಇದ್ದವು. ಬಸಣ್ಣ ಅದನ್ನೇ ನೋಡುತ್ತ ನಿಂತಿದ್ದ.

"ಗಿಡಾನ ಸುಮಿ," ಅಂದ. "ಹಾದ್ಯಾಗ ಆಕೀಗ ಆಗದಿದ್ದದ್ದು ಗಿಡಾನ. ಅದನ್ನ ತಂದು ಮುಂದ ಇಟ್ವಿ."

ಪರದೆಯ ನಡುಕವನ್ನು ತೆಗೆಯುವ ಭರದಲ್ಲಿ ನಾವು ಆ ಹಾದಿಯನ್ನು ಇದ್ದದ್ದು ಇದ್ದ ಹಾಗೇ ಮಾಡಿಟ್ಟಿದ್ದೆವು.

ಎಷ್ಟೋ ಹೊತ್ತಿನ ಮೇಲೆ ಅಕ್ಕನಿಗೆ ಎಚ್ಚರವಾಯಿತು. ನಾಲಿಗೆ ಕಚ್ಚಿಕೊಂಡಿದ್ದಳು. ತೊದಲುತ್ತ ಕೇಳಿದಳು: "ದೇಸೂರ ದಾಟಿತೇನು?"

"ಇಲ್ಲಕ್ಕ. ಇನ್ನೂ ಬಂದಿಲ್ಲ."

ಬಸಣ್ಣನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೋ ಏನೋ. ಕಂಪ್ಯೂಟರ್ ಅಟ್ಟ ಸೇರಿತು. ಊರಿಗೆ ಮರಳುವಾಗ ಮತ್ತೆ ಸೆರಗಿನೊಳಗೆ ಅಕ್ಕನ ಮುಖ. ಆ ಸಲ ಅವಳು ಎಲ್ಲಿಗೆ ಬಂದೆವೆಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮುಂದೆ ಕೆಲವೇ ವರ್ಷಗಳಲ್ಲಿ, ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಇದ್ದಾಗ ಬಂದ ಫಿಟ್ಸು ಅವಳನ್ನು ಒಯ್ದಿತು.

ಈಗ ನನ್ನ ಕೈಯೊಳಗಿನ ಮೊಬೈಲಿನಲ್ಲಿ ಯಾವ ಚಿತ್ರವೂ ನಡುಗುವುದಿಲ್ಲ. ಬಸಣ್ಣ ಬೇಸಿಗೆಯಿಡೀ ಬೆವರಿದ್ದು ಈಗಿನ ಮಕ್ಕಳಿಗೆ ಹೇಳಿದರೂ ತಿಳಿಯುವುದಿಲ್ಲ. ಖಾನಾಪುರದ ಹಾದಿಯನ್ನೂ ಅಗಲ ಮಾಡಿದ್ದಾರೆ. ಅಂಚಿನ ಗಿಡಗಳನ್ನು ಕಡಿದು ಹಾಕಿದ್ದಾರೆ. ಬಿಸಿಲು ಒಂದೇ ಸಮ ಬೀಳುತ್ತದೆ. ಬಸ್ಸಿನ ಕಿಟಕಿಗೆ ಕೂತಾಗಲೆಲ್ಲ ನನ್ನ ಬಾಯಿ ಹಳೆಯ ರೂಢಿಯಂತೆ ವರದಿ ಒಪ್ಪಿಸಲು ಹೊರಡುತ್ತದೆ.

ದೇಸೂರ ಬಂತಕ್ಕ. ಕಣ್ಣ ಬಿಡು. ಈಗ ಏನೂ ಇಲ್ಲ.